ಬೀಗದ ಕೈ ಯಾರ ಹತ್ತಿರ

ಅಣ್ಣಾ,

ನನ್ನ ಹೊಲಿಗೆ ಅಂಗಡಿಯ ಬೀರುವಿನಲ್ಲಿ ನೀನು ಬಚ್ಚಿಟ್ಟ ಗಾಂಜಾದ ದೆಸೆಯಿಂದ ನಾನು ಜೈಲು ಕಂಡು ಬಂದೆ. ಕೋರ್ಟಿನಲ್ಲಿ ನೀನು, "ಬೀರು ಅವಳ್ದು, ನಂಗೇನ್ ಗೊತ್ತು?" ಎಂದು ಜಾರಿಕೊಂಡೆ. "ಮಾಲು ಯಾರದ್ದು ಅಂತ ಆಮೇಲೆ ಕೇಳ್ತಾರಮ್ಮ, ಮೊದಲು ಬೀಗದ ಕೈ ಯಾರ ಹತ್ರ ಇತ್ತು ಅಂತ ನೋಡ್ತಾರೆ" ಎಂದು ವಕೀಲರು ಬಿಡಿಸಿ ಹೇಳಿದ್ದರು.

ಮೊನ್ನೆ ನೀನು ನಾಚಿಕೆಯಿಲ್ಲದೆ, "ಹಳೇ ಬಟ್ಟೆ, ಇರ್ಲಿ" ಎಂದು ಬೀಗ ಹಾಕಿದ ಪೆಟ್ಟಿಗೆಯನ್ನು ಮತ್ತೆ ನನ್ನ ಅಂಗಡಿಯಲ್ಲೇ ತಂದಿಟ್ಟೆ. ಆ ವಾಸನೆ ನನಗೆ ತಿಳಿಯದೇ? ನಾನು ಮುಟ್ಟಲಿಲ್ಲ, ಹೇಳಬೇಕಾದವರಿಗೆ ಹೇಳಿ, ಅವರ ಮೂಲಕವೇ ವಾಪಸು ಕಳಿಸಿದ್ದೇನೆ. ನಿನ್ನ ಜೇಬಿನ ಬೀಗದ ಕೈಯಿಂದ ನೀನೇ ಪೆಟ್ಟಿಗೆ ತೆಗೆದ ಮೇಲಷ್ಟೇ ಈ ಪತ್ರ ಕೊಡಿ ಎಂದಿದ್ದೇನೆ.

ಪೆಟ್ಟಿಗೆ ತಂದವರು ಕೂಲಿಯವರಲ್ಲ, ಮಫ್ತಿಯಲ್ಲಿ ಬಂದ ಇನ್ಸ್‌ಪೆಕ್ಟರ್, ಅಂದು ನನ್ನನ್ನು ಹಿಡಿದವರೇ. ಕೂರಲು ಕುರ್ಚಿ ಕೊಡು.

ಬೀರುವಿನ ಒಡತಿ,
ನಿನ್ನ ತಂಗಿ