ಎಡೆ ಇಟ್ಟ ಮೇಲೆ ತಟ್ಟಿದ ಬಾಗಿಲು

ಮಂಡ್ಯ
12 ಅಕ್ಟೋಬರ್ 2025

ಮಂಜು,

ಚೆನ್ನಾಗಿದ್ದೀಯಾ ಎಂದು ಈ ಸಲ ಕೇಳುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಸಾರಿನ ಪುಡಿ ಕಳಿಸುವುದು ತಡವಾಯಿತು. ಮೆಣಸಿನಕಾಯಿ ಒಣಗಿಸಲು ನಾಲ್ಕು ದಿನ ಬಿಸಿಲೇ ಬೀಳಲಿಲ್ಲ. ಈ ಕಾಗದವನ್ನೂ ಪುಡಿಯ ಜೊತೆಗೇ ಜರ್ಮನಿಗೆ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ನಾನು ಮಾತು ಬದಲಿಸಿಬಿಡುತ್ತೇನೆ, ನಿನಗೆ ಗೊತ್ತಲ್ಲ.

ಜುಲೈನಲ್ಲಿ ಮೇಲಿನ ರೂಮಿಗೆ ಬಂದ ತಾಂಜಾನಿಯಾದ ಹುಡುಗಿ ರೆಹೆಮಾ ಬಗ್ಗೆ ಹೇಳಿದ್ದೆ. ಇಲ್ಲೇ ಕಾಲೇಜಿನಲ್ಲಿ ಓದುತ್ತಾಳೆ. ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಅವಳನ್ನು ಒಂದು ಗಂಟೆಗೆ ಊಟಕ್ಕೆ ಕರೆದಿದ್ದೆ. ಅವತ್ತು ಎಲ್ಲವೂ ತಡ. ನಿಮ್ಮಪ್ಪ ತಾತನ ಫೋಟೋ ಮುಂದೆ ಎಡೆ ಇಡುವ ಹೊತ್ತಿಗೇ ಗಂಟೆ ಒಂದಾಯಿತು. ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ. "ಬೆಂಕಿಪೊಟ್ನ ಮಡುಗ್ನಿಲ್ವಲ್ಲ, ನಿಮ್ಮಪ್ಪ ಬೀಡಿಯ ಯಾತ್ರಲ್ಲಿ ಅಚ್ಕಂಡಾರ್ಲಾ?" ಎಂದು ಅಜ್ಜಿ ಮಗನಿಗೆ ಬೈದರು. ಅದೂ ಬಂತು.

ಹಿರಿಯರು ಉಣ್ಣಲಿ ಎಂದು ಮುಂಬಾಗಿಲು ಹಾಕಿ ಎಲ್ಲರೂ ಹಿತ್ತಿಲಿಗೆ ಬಂದು ನಿಂತೆವು. ಆಗಲೇ ಯಾರೋ ಬಾಗಿಲು ತಟ್ಟಿದರು. ನಾನು ಹೊರಟೆ. "ತಗೀಬ್ಯಾಡ ಕಣಮ್ಮಿ, ಅವ್ರು ಉಣ್ತಾ ಕುಂತವ್ರೆ" ಎಂದು ಅಜ್ಜಿ ಸೆರಗು ಹಿಡಿದರು. ಮತ್ತೆ ಎರಡು ಸಲ ತಟ್ಟಿದ್ದು ಕೇಳಿಸಿತು. ಆಮೇಲೆ ಇಲ್ಲ.

ನೆಂಟರಿಗೆ ಬಡಿಸುವ ಗಡಿಬಿಡಿಯಲ್ಲಿ ನನಗೆ ಅವಳ ನೆನಪಾದದ್ದು ಸಂಜೆ ಐದಕ್ಕೆ. ತಟ್ಟೆ ಹಿಡಿದು ಮೇಲೆ ಹೋದೆ. ಬ್ರೆಡ್ ತಿಂದಿದ್ದಳು. ಹಿತ್ತಿಲಿನಿಂದ ನಮ್ಮ ದನಿ ಕೇಳುತ್ತಿತ್ತಂತೆ. ಆದರೂ ಯಾರೂ ತೆಗೆಯಲಿಲ್ಲ, ಕರೆದವರು ಮನಸ್ಸು ಬದಲಿಸಿರಬೇಕು ಎಂದುಕೊಂಡಳಂತೆ. ಬಾಗಿಲು ಹಾಕುವ ಪದ್ಧತಿಯನ್ನು ವಿವರಿಸಿದೆ. ನಕ್ಕಳು. ಅವರ ಊರಲ್ಲೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆ ಮಾಡುತ್ತಾರಂತೆ. ನಮ್ಮವರ ಹಾಗೆಯೇ ಮುರಿದು ಸಾರಿಗೆ ಅದ್ದಿದಳು. ಆಮೇಲೆ, "ಅಮ್ಮನಿಗೆ ಆಗಲೇ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಹಬ್ಬದ ಊಟ ಮಾಡಿದೆ ಅಂತ ಹೇಳಿಬಿಟ್ಟಿದ್ದೆ ಆಂಟಿ. ಈಗ ಅದು ಸುಳ್ಳಲ್ಲ" ಎಂದಳು. ಮಾಂಸದ ಸಾರು ಇತ್ತೆಂದೂ ಅಮ್ಮನಿಗೆ ಹೇಳಿದ್ದಳಂತೆ. ವಾಸನೆ ಮೇಲಕ್ಕೆ ಹೋಗಿತ್ತು.

ಅವತ್ತಿನಿಂದ ನೀನು ಭಾನುವಾರಗಳಲ್ಲಿ ಫೋನಿನಲ್ಲಿ ಹೇಳುವ ಊಟಗಳ ಬಗ್ಗೆ ಯೋಚಿಸುತ್ತಿದ್ದೇನೆ. ಕಳೆದ ತಿಂಗಳು ನಾಲ್ಕು ಭಾನುವಾರ, ನಾಲ್ಕು ಗೆಳತಿಯರ ಮನೆ. ಯಾರ ಹೆಸರೂ ಎರಡನೇ ಸಲ ಬರಲಿಲ್ಲ. ನಿಜವಾಗಿದ್ದರೆ ಸಂತೋಷ. ಇಲ್ಲದಿದ್ದರೆ ಬ್ರೆಡ್ ತಿಂದೆ ಎಂದೇ ಹೇಳು.

ಈಗ ಭಾನುವಾರ ರೆಹೆಮಾ ಕೆಳಗೇ ಉಣ್ಣುತ್ತಾಳೆ. "ತಟ್ಬ್ಯಾಡ ಮಗ, ಸುಮ್ಕೆ ಒಳಿಕೆ ಬಂದ್ಬುಡು" ಎಂದು ಅಜ್ಜಿ ಕೈಸನ್ನೆ ಮಾಡಿ ಕಲಿಸಿದ್ದಾರೆ.

ಹೊಟ್ಟೆ ತುಂಬ ಉಣ್ಣು, ಬೆಚ್ಚಗಿರು. ಪುಡಿಯ ಡಬ್ಬದ ಮೇಲೆ ಕೈಯಿಟ್ಟು ಅಜ್ಜಿಯೂ ಹರಸಿದ್ದಾರೆ.

ನಿನ್ನ ಅಮ್ಮ,
ಮೋಹಿನಿ

ತಾ.ಕ.: ಫೆಬ್ರವರಿಯಲ್ಲಿ ಒಂದು ದಿನ ನೀನು ಫೋನ್ ಮಾಡಿ, "ಅಮ್ಮ, ಇಲ್ಲಿ ಆಗ್ತಿಲ್ಲ, ವಾಪಸ್ ಬಂದ್ಬಿಡ್ಲಾ?" ಎಂದೆ. ಲೈನ್ ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟೆ. ನೀನು ಮತ್ತೆ ಎರಡು ಸಲ ಮಾಡಿದೆ; ನಾನು ಎತ್ತಲಿಲ್ಲ. ಆಮೇಲೆ ನೀನು ಕೇಳಲೇ ಇಲ್ಲ. ಬರಬೇಕೆನಿಸಿದರೆ ಇನ್ನೊಂದು ಸಲ ಕೇಳು. ಅವತ್ತು ಲೈನ್ ಸರಿಯಾಗಿಯೇ ಇತ್ತು, ಮಂಜು.