ಗರ್ನಾಲು ಗಾಡಿಯ ಚೊಂಬು

ಸಾಗರ
೧೨ ಫೆಬ್ರವರಿ ೧೯೬೮, ಸೋಮವಾರ

ಮದ್ರಾಸಿನ ಟೈಪು ಮಿಷನ್ನಿನ ಮುಂದೆ ಕೂತು ಇಲ್ಲಿ ನನ್ನ ಎದೆ ಢವಢವ ಹೊಡೆಸಿದ ಮುದ್ದು ಕಳ್ಳಿ ಮಾಸ್ತಿಗೆ, ನಿನ್ನಮ್ಮ ಯಮುನಮ್ಮನ ಆಶೀರ್ವಾದ.

ನಾವೆಲ್ಲ ಕ್ಷೇಮ. ಬರೀ ಕ್ಷೇಮ ಅಂದರೆ ಸಾಲದು, ಶನಿವಾರ ಸಂಜೆಯಿಂದ ಊರಿಗೆ ಊರೇ ನಮ್ಮ ಜಗಲಿಯ ಮೇಲೆ ಕೂತಿದೆ. ಕಾಫಿ ಸೋಸಿ ಸೋಸಿ ನನ್ನ ಕೈ ಬಿದ್ದುಹೋಗಿದೆ. ಈಗ ಒಂದು ಗಳಿಗೆ ಪುರುಸೊತ್ತಾಯಿತು ಅಂತ ಕೂತಿದ್ದೇನೆ. ಅಷ್ಟರಲ್ಲಿ ಯಾರಾದರೂ ಬಂದರೆ ಅವರೇ ಒಲೆ ಹಚ್ಚಿಕೊಳ್ಳಲಿ.

ನಿನ್ನ ಕಾಗದ ಗುರುವಾರವೇ ಕೈಸೇರಿತ್ತು. ನಿಮ್ಮ ಕಂಪನಿಯ ಪಾರ್ಸನ್ಸ್ ಸಾಹೇಬರು ಸಾಗರದ ಸಭೆಯಲ್ಲಿ ಓದಬೇಕಾದ ಭಾಷಣದಲ್ಲಿ ಒಂದು ಸಾಲನ್ನು ಯಾರನ್ನೂ ಕೇಳದೆ ನೀನೇ ಸೇರಿಸಿದ್ದೀಯಂತೆ, ಸಿಕ್ಕಿಬಿದ್ದರೆ ಕೆಲಸ ಹೋಗುತ್ತದಂತೆ, ರಾಜೀನಾಮೆಯನ್ನೂ ಟೈಪು ಮಾಡಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೀಯಂತೆ, ಅಪ್ಪನಿಗೆ ಹೇಳಬಾರದಂತೆ! ನಿನಗೇನಾದರೂ ಬುದ್ಧಿ ಇದೆಯೇನೇ? ಎರಡು ದಿನ ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೆ ಅನ್ನವೇ ಇಳಿಯಲಿಲ್ಲ. ನಿನ್ನಪ್ಪ ‘ಎಂತ ಆಯ್ತೇ, ಹುಷಾರಿಲ್ವಾ’ ಅಂತ ಕೇಳಿದ್ದಕ್ಕೆ ಹಲ್ಲುನೋವು ಅಂದೆ. ಪಾಪ, ಲವಂಗ ತಂದುಕೊಟ್ಟರು.

ಸಭೆಯಲ್ಲಿ ಏನಾಯಿತು ಅಂತ ಬರೆಯುವ ಮೊದಲು ಹಿಂದಿನದನ್ನು ಪೂರ್ತಿ ಬರೆಯುತ್ತೇನೆ. ಅದೆಲ್ಲ ನಡೆದಾಗ ನೀನು ಶಿವಮೊಗ್ಗದ ಹಾಸ್ಟೆಲಿನಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ನಿನ್ನಪ್ಪ ನಿನಗೆ ಹೇಳಿದ್ದು ಎರಡೇ ಮಾತು, ಅದರಲ್ಲಿ ಒಂದು ಮಾತು ‘ಇರ್ಲಿ ಬಿಡು’. ಕಂಪನಿಗೆ ಹತ್ತು ವರ್ಷ ತುಂಬಿತು ಅಂತ ನಿಮ್ಮವರು ಇಂಗ್ಲಿಷಿನಲ್ಲಿ ಚರಿತ್ರೆಯ ಪುಸ್ತಕ ಅಚ್ಚು ಹಾಕಿಸಿ, ಲಾರಿಗೆ ಏರು ಹತ್ತಿಸುವ ಬೆಟ್ಟದ ಟ್ಯಾಂಕನ್ನು ಮಾಡಿದವರು ಇಂಗ್ಲೆಂಡಿನ ಕಾರ್ಖಾನೆಯ ಎಂಜಿನಿಯರುಗಳು ಅಂತ ಬರೆದರಲ್ಲ, ನೀನು ಹೋಗಿ ಅಪ್ಪನ ಹೆಸರು ಹೇಳಿದರೆ ನಿನ್ನ ಮೇಲಿನವನು ‘ವರ್ಕ್‌ಶಾಪಿನವರ ಹೆಸರೆಲ್ಲ ಚರಿತ್ರೆಗೆ ಬರುವುದಿಲ್ಲ’ ಅಂದನಲ್ಲ, ಅವನಿಗೂ ಬೇಕಾದರೆ ಇದನ್ನು ಓದಿಸು.

ಇಂಗ್ಲೆಂಡಿನ ಗ್ರೆನ್‌ಫೆಲ್ ಕಂಪನಿಯವರು ಮದ್ರಾಸಿನಲ್ಲಿ ತಮ್ಮ ಮರಿ ಕಂಪನಿ ತೆರೆದ ಹೊಸತರಲ್ಲಿ ಇಲ್ಲಿ ಏನೂ ತಯಾರಾಗುತ್ತಿರಲಿಲ್ಲವಂತೆ. ಹಡಗಿನಲ್ಲಿ ಬಂದ ಪೆಟ್ಟಿಗೆ ಬಿಚ್ಚುವುದು, ಬೋಲ್ಟು ಬಿಗಿಯುವುದು, ಬಣ್ಣ ಬಳಿಯುವುದು, ಅಷ್ಟೇ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಇಲ್ಲೇ ಮಾಡತೊಡಗಿದರು. ಅರವತ್ತೆರಡರಲ್ಲಿ ಅವರ ಸಣ್ಣ ಲಾರಿಯ ಏಜೆನ್ಸಿ ತೀರ್ಥಹಳ್ಳಿ ಕಡೆಯ ಮುಕುಂದಯ್ಯನವರಿಗೆ ಸಿಕ್ಕಿತು. ಅವರು ಸಾಗರದ ಇಕ್ಕೇರಿ ರಸ್ತೆಯಲ್ಲಿ ಶೆಡ್ಡು ಹಾಕಿ, ಇಕ್ಕೇರಿಯಲ್ಲಿ ಸೈಕಲ್ಲು, ಪಂಪು ರಿಪೇರಿ ಮಾಡಿಕೊಂಡಿದ್ದ ನಿನ್ನಪ್ಪನನ್ನು ಮೆಕ್ಯಾನಿಕ್ ಮಾಡಿದರು. ಗ್ರೆನ್‌ಫೆಲ್ ಅನ್ನುವುದಕ್ಕೆ ನಮ್ಮ ಜನರ ನಾಲಿಗೆ ಹೊರಳಬೇಕಲ್ಲ! ಒಂದೇ ವಾರಕ್ಕೆ ಅದು ಗರ್ನಾಲು ಗಾಡಿಯಾಯಿತು. ಜಾತ್ರೆಯ ಗರ್ನಾಲು ಪಟಾಕಿಯಂತೆ ಅದು ಹೊಡೆಯುವ ಸದ್ದಿಗೂ ಆ ಹೆಸರೇ ಸರಿಯಾಗಿತ್ತು.

ಗಾಡಿ ಬಯಲಲ್ಲಿ ಬಲು ಚೆನ್ನ. ಏರು ಬಂದರೆ ಮುಗಿಯಿತು. ಪೆಟ್ರೋಲಿನ ಟ್ಯಾಂಕು ಡ್ರೈವರ್ ಸೀಟಿನ ಕೆಳಗಿತ್ತು, ಗಾಡಿಯ ಮೂತಿ ಮೇಲಾದ ಕೂಡಲೇ ಪೆಟ್ರೋಲು ಎಂಜಿನ್ನಿಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಡ್ರೈವರ್ ಗಿರಿಯಪ್ಪ ಅದಕ್ಕೊಂದು ಉಪಾಯ ಕಂಡುಕೊಂಡ. ಏರಿನ ಬುಡಕ್ಕೆ ಬಂದ ಮೇಲೆ ಗಾಡಿ ತಿರುಗಿಸಿ, ರಿವರ್ಸಿನಲ್ಲೇ ಹತ್ತಿಸುವುದು! ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವಾಗ ಎಮ್ಮೆಮಂಡಿ ಏರು ಸಿಗುತ್ತದಲ್ಲ, ಎಮ್ಮೆಯೂ ಮಂಡಿಯೂರುವಂಥದ್ದು, ಅಲ್ಲಿ ಇವನ ಗಾಡಿ ಅಂಡು ಮುಂದೆ ಮಾಡಿಕೊಂಡು ಹೋಗುವುದನ್ನು ನೋಡಲು ಗದ್ದೆಯವರು ಕೆಲಸ ಬಿಟ್ಟು ಬರುತ್ತಿದ್ದರು. ನಗಾಡಿದರೆ ನಗಾಡಲಿ. ಆದರೆ ಕವಲೇದುರ್ಗದ ಕೆಳಗಿನ ಊರಿಗೆ ಒಂದು ದಿಬ್ಬಣ ಹೊರಟಾಗ ಕೆಟ್ಟಿತು. ಮದುಮಗಳು ಗಂಡನ ಊರಿಗೆ ಬೆನ್ನು ಹಾಕಿಕೊಂಡು ಬಂದಳು ಅಂತ ಬೀಗರು ದೊಡ್ಡ ರಂಪ ಮಾಡಿ, ಅವಳನ್ನು ಗಾಡಿಯಿಂದ ಇಳಿಸಿ, ಅರ್ಧ ಮೈಲಿ ಹಿಂದಕ್ಕೆ ಕಳಿಸಿ, ಮತ್ತೆ ಮುಖ ಮಾಡಿ ನಡೆಸಿಕೊಂಡು ಬಂದರು. ಅವತ್ತಿನಿಂದ ದಿಬ್ಬಣಕ್ಕೆ ಗರ್ನಾಲು ಬೇಡ ಅಂತ ಮೂರು ತಾಲ್ಲೂಕಿಗೂ ಸುದ್ದಿಯಾಯಿತು.

ಅರವತ್ತನಾಲ್ಕರ ಜನವರಿಯಲ್ಲಿ ಮದ್ರಾಸಿನಿಂದ ಕಾಗದ ಬಂತು. ಈ ಗಾಡಿ ಗುಡ್ಡಗಾಡಿಗೆ ಆಗುವುದಿಲ್ಲ, ತಿಂಗಳ ಕೊನೆಗೆ ಸಾಗರದ ಏಜೆನ್ಸಿ ಮುಚ್ಚಿ, ಉಳಿದ ಗಾಡಿಗಳನ್ನು ವಾಪಸು ಕಳಿಸಿ ಅಂತ. ಮುಕುಂದಯ್ಯನವರು ಓದಿ ಹೇಳಿದರು. ನಿನ್ನಪ್ಪ ಮೂರು ದಿನ ಗಾಡಿಯ ಅಡಿಯಲ್ಲೇ ಮಲಗಿದ್ದರು. ನಾಲ್ಕನೆಯ ದಿನ ಮನೆಗೆ ಬಂದವರು ಸೀದಾ ಒಳಗೆ ಹೋಗಿ ನನ್ನ ತವರಿನ ತಾಮ್ರದ ಚೊಂಬನ್ನು ಎತ್ತಿಕೊಂಡು ಹೊರಟರು. ನಾನು ಬಚ್ಚಲಲ್ಲಿದ್ದೆ. ಹಿಂದೆಯೇ ಹೋಗಿ ನೋಡುವ ಹೊತ್ತಿಗೆ ಶೆಡ್ಡಿನಲ್ಲಿ ನನ್ನ ಚೊಂಬಿನ ತಳಕ್ಕೆ ತೂತು ಬಿದ್ದಿತ್ತು! ನಾನು ಕೂಗಾಡಿದ್ದು ಇಕ್ಕೇರಿಗೂ ಕೇಳಿಸಿರಬೇಕು. ಅವರು ತಲೆಯೆತ್ತದೆ ‘ಸ್ವಲ್ಪ ತಡಿಯೇ ಮಾರಾಯ್ತಿ’ ಅಂದು ಆ ತೂತಿಗೆ ನಳಿಗೆ ಬೆಸುಗೆ ಹಾಕಿದರು. ಬಾಯಿಗೆ ಮುಚ್ಚಳ ಕೂರಿಸಿ, ಚೊಂಬನ್ನು ಗಾಡಿಯ ಮುಂದಿನ ಗಾಜಿನ ಬುಡದಲ್ಲಿ, ಎಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿದರು. ಏರಿನ ಬುಡದಲ್ಲಿ ಚೊಂಬಿಗೆ ಪೆಟ್ರೋಲು ತುಂಬಿದರೆ ಏರು ಮುಗಿಯುವವರೆಗೆ ಎಂಜಿನ್ನು ಅದನ್ನು ಕುಡಿಯುತ್ತದೆ. ಇಷ್ಟೇ ಸಂಗತಿ. ಈ ಇಷ್ಟು ಇಂಗ್ಲೆಂಡಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ ನೋಡು.

ಮೇಳಿಗೆಯ ಶಾಲೆಗೆ ಬೆಂಚು ಸಾಗಿಸುವುದಿತ್ತು. ನನ್ನ ಚೊಂಬು ಹೋಗುವಲ್ಲಿಗೆ ನಾನೂ ಬರುತ್ತೇನೆ ಅಂತ ಹಠ ಹಿಡಿದು ನಾನೂ ಹತ್ತಿ ಕೂತೆ. ಎಮ್ಮೆಮಂಡಿಯ ಬುಡದಲ್ಲಿ ಗಿರಿಯಪ್ಪ ರೂಢಿಯಂತೆ ಗಾಡಿ ತಿರುಗಿಸಲು ಹೊರಟ. ನಿನ್ನಪ್ಪ ಅವನ ಕೈ ಹಿಡಿದು, ‘ಬ್ಯಾಡ ಕಣೋ, ಇವತ್ತು ಮುಖ ತೋರ್ಸ್ಕಂಡೇ ಹೋಗಣ’ ಅಂದರು. ಗಾಡಿ ಹೊರಟಿತು ಮಾಸ್ತಿ! ಅರ್ಧ ಏರಿನಲ್ಲಿ ಒಂದು ಸಲ ಕೆಮ್ಮಿತು, ಮತ್ತೆ ಹೊರಟಿತು. ಬೆಂಚುಗಳ ಸಮೇತ ನೆತ್ತಿಗೆ ಹೋಗಿ ನಿಂತಾಗ ಗಿರಿಯಪ್ಪ ಸ್ಟೇರಿಂಗಿಗೆ ಹಣೆ ಹಚ್ಚಿ ಅಳುತ್ತಿದ್ದ. ನಿನ್ನಪ್ಪ ಕೆಳಗಿಳಿದು, ಬಂದ ದಾರಿಯನ್ನು ಒಂದು ಸಲ ನೋಡಿ, ‘ಹತ್ತಿಕಂಡ್ತಲ್ಲೇ’ ಅಂದರು. ಮದುವೆಯಾದಾಗಲೂ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

ಏಜೆನ್ಸಿ ಮುಚ್ಚಲು ಐದೇ ದಿನ ಉಳಿದಿತ್ತು. ಮುಕುಂದಯ್ಯನವರು ಆಗಲೇ ಇಂಗ್ಲಿಷಿನಲ್ಲಿ ಎರಡು ಕಾಗದ ಬರೆದು, ಗಾಡಿಯನ್ನು ಸರಿಪಡಿಸುತ್ತಿದ್ದೇವೆ, ಬಂದು ನೋಡಿ ಅಂತ ಬೇಡಿಕೊಂಡಿದ್ದರು. ಉತ್ತರವೇ ಇಲ್ಲ. ಅದಕ್ಕೆ ನಾನು ಅವತ್ತೇ ತೀರ್ಥಹಳ್ಳಿಯ ಪೋಸ್ಟಾಫೀಸಿಗೆ ಹೋಗಿ ತಂತಿ ಕೊಟ್ಟೆ. ನೀನು ಕಲಿಸಿದ ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡದ ಮಾತು, ಕೊನೆಗೆ ನಿನ್ನಪ್ಪನ ಹೆಸರು: ‘ಎಮ್ಮೆಮಂಡಿ ಗಾಡಿ ಹತ್ತಿಕೊಂಡಿತು ಜಟ್ಟಿಂಗಪ್ಪ’. ಮದ್ರಾಸಿನಲ್ಲಿ ಕನ್ನಡ ಬಲ್ಲ ಒಬ್ಬ ಗುಮಾಸ್ತ ಅದನ್ನು ಓದಿ, ಗಾಡಿಗೆ ಬೆಂಕಿ ಹತ್ತಿಕೊಂಡಿದೆ, ಜಟ್ಟಿಂಗಪ್ಪ ಅನ್ನುವ ಮನುಷ್ಯನೂ ಸುಟ್ಟುಹೋಗಿದ್ದಾನೆ ಅಂತ ಇಂಗ್ಲಿಷ್ ಮಾಡಿ ಹೇಳಿಬಿಟ್ಟ.

ಮೂರನೆಯ ದಿನ ಪಾರ್ಸನ್ಸ್ ಸಾಹೇಬರು ಜೀಪಿನಲ್ಲಿ ಧೂಳು ತಿಂದುಕೊಂಡು ಬಂದರು. ಆಗ ಅವರು ಬರೀ ಎಂಜಿನಿಯರು. ಜೊತೆಗೆ ಇನ್ಶೂರೆನ್ಸಿನವನೊಬ್ಬ, ಸುಟ್ಟಗಾಯದ ಔಷಧಿಯ ಪೆಟ್ಟಿಗೆ ಬೇರೆ. ಜಟ್ಟಿಂಗಪ್ಪ ಎಲ್ಲಿ ಅಂತ ಕೇಳಿದರೆ ನಿನ್ನಪ್ಪ ಕುಕ್ಕರುಗಾಲಿನಲ್ಲಿ ಕೂತು ಪ್ಲಗ್ಗು ಉಜ್ಜುತ್ತಿದ್ದವರು ‘ನಾನೇ’ ಅಂತ ಎದ್ದು ನಿಂತರು. ಸಾಹೇಬರು ಅವರ ಎರಡೂ ತೋಳು ಮುಟ್ಟಿ ಮುಟ್ಟಿ ನೋಡಿದರು. ಮುಕುಂದಯ್ಯನವರು ತಂತಿಯ ಅರ್ಥ ಬಿಡಿಸಿ ಹೇಳಿದಾಗ ಕೆಂಪಗಾದ ಮುಖ, ಈಗ ಬೈಯುತ್ತಾರೆ ಅಂದುಕೊಂಡೆವು, ಹೋ ಅಂತ ನಗತೊಡಗಿತು. ಅವತ್ತು ಅವರು ಎಮ್ಮೆಮಂಡಿಯನ್ನು ಐದು ಸಲ ಹತ್ತಿಸಿದರು, ಕೊನೆಯ ಎರಡು ಸಲ ತಾವೇ ಓಡಿಸಿ. ಏಜೆನ್ಸಿ ಉಳಿಯಿತು. ಚೊಂಬನ್ನು ಬಿಚ್ಚಿಸಿಕೊಂಡು ಹೋಗುವಾಗ, ಇದರ ಮೇಲೆ ನಿನ್ನ ಹೆಸರು ಇರುತ್ತದೆ ಅಂತ ನಿನ್ನಪ್ಪನ ಕೈ ಹಿಡಿದು ಹೇಳಿದರು.

ಆಮೇಲಿನದು ನಿನಗೆ ಗೊತ್ತು. ಕಾರ್ಖಾನೆಯಲ್ಲಿ ಚೊಂಬು ತಗಡಿನ ಟ್ಯಾಂಕಾಯಿತು, ಬೆಟ್ಟದ ಟ್ಯಾಂಕು ಅಂತ ಹೆಸರಾಯಿತು, ಕೊಡಗು, ನೀಲಗಿರಿ, ಗುಡ್ಡವಿದ್ದಲ್ಲೆಲ್ಲ ಗರ್ನಾಲು ಹೋಯಿತು. ಸಾಹೇಬರು ನಿನಗೂ ಕೆಲಸ ಕೊಡಿಸಿದರು. ಹೆಸರು ಮಾತ್ರ ಬರಲಿಲ್ಲ. ನಿನ್ನಪ್ಪ ಒಂದು ದಿನವೂ ಕೇಳಿದವರಲ್ಲ. ಆದರೆ ಕಂಪನಿಯಿಂದ ಯಾವ ಹೊಸ ಪುಸ್ತಿಕೆ ಬಂದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಹುಡುಕಿ, ಮಡಿಚಿ, ಸುಮ್ಮನೆ ಎದ್ದು ಹೋಗುತ್ತಿದ್ದರು. ಇಂಗ್ಲಿಷಿನಲ್ಲಿ ಅವರಿಗೆ ಓದಲು ಬರುವುದು ತಮ್ಮ ಹೆಸರೊಂದೇ. 

ಈಗ ಶನಿವಾರದ್ದು ಕೇಳು. ಹೈಸ್ಕೂಲಿನ ಮೈದಾನದ ತುಂಬ ಜನ. ಬೆಟ್ಟದ ಟ್ಯಾಂಕಿನ ಸಾವಿರನೆಯ ಗಾಡಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಈಗ ಇಡೀ ಇಂಡಿಯಾದ ಕಂಪನಿಗೆ ದೊಡ್ಡವರಾಗಿರುವ ಪಾರ್ಸನ್ಸ್ ಸಾಹೇಬರು ನೀನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ ಕನ್ನಡ ಭಾಷಣ ಹಿಡಿದು ಎದ್ದರು. ‘ಮಹಾಜನರೇ’ ಅನ್ನುವುದು ಅವರ ಬಾಯಲ್ಲಿ ‘ಮಜಾಜನರೇ’ ಆಯಿತು, ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಹಡಗಿನ ಪೆಟ್ಟಿಗೆ ಆಯಿತು, ಮದ್ರಾಸಿನ ಕಾರ್ಖಾನೆ ಆಯಿತು. ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ. ಆಗ ಅವರು ಒಂದು ಸಲ ನಿಂತರು. ಕನ್ನಡಕ ಸರಿಮಾಡಿಕೊಂಡರು. ನಿನ್ನ ಸಾಲನ್ನು ಒಂದೊಂದೇ ಮಾತಾಗಿ ಓದಿದರು: ‘ಬೆಟ್ಟದ ಟ್ಯಾಂಕನ್ನು ಮೊದಲು ಮಾಡಿದವರು ಇಂಗ್ಲೆಂಡಿನವರಲ್ಲ. ಸಾಗರದ ಜಟ್ಟಿಂಗಪ್ಪನವರು, ಯಮುನಮ್ಮನವರ ತಾಮ್ರದ ಚೊಂಬಿನಿಂದ.’

ಅಬ್ಬಬ್ಬಾ! ಮೈದಾನ ಎದ್ದು ನಿಂತಿತು. ನಿನ್ನಪ್ಪ ಹಿಂದೆ ಮೈಕಿನ ಬ್ಯಾಟರಿಯ ಹತ್ತಿರ ನಿಂತಿದ್ದವರು, ಬೇರೆ ಯಾವನೋ ಜಟ್ಟಿಂಗಪ್ಪ ಇರಬೇಕು ಅಂತ ಹಿಂದೆ ತಿರುಗಿ ನೋಡಿದರು! ಗಿರಿಯಪ್ಪ ಓಡಿಹೋಗಿ ‘ನೀನೇ ಕಣೋ ಮಾರಾಯಾ, ನೀನೇ’ ಅಂತ ಅವರನ್ನು ಎತ್ತಿಕೊಂಡೇ ವೇದಿಕೆಗೆ ತಂದ. ಸಾಹೇಬರು ತಮ್ಮ ಕೊರಳಿನ ಹಾರ ತೆಗೆದು ಅವರಿಗೆ ಹಾಕಿದರು. ಅಲ್ಲವೇ, ನನ್ನ ಹೆಸರನ್ನೂ ಯಾಕೆ ಸೇರಿಸಿದೆಯೇ? ಅಷ್ಟು ಜನರ ಮುಂದೆ ನನಗೆ ಅಳು ತಡೆಯಲಾಗಲಿಲ್ಲ. ನಿನ್ನೆಯ ಶಿವಮೊಗ್ಗದ ಪೇಪರಿನಲ್ಲಿ ಎಲ್ಲ ಬಂದಿದೆ, ಇದರೊಳಗೆ ಇಟ್ಟಿದ್ದೇನೆ.

ಕೇಳದೆ ಸೇರಿಸಿದ್ದು ತಪ್ಪಾ ಅಮ್ಮಾ ಅಂತ ಕೇಳಿದ್ದೀಯ. ನಾನೇನು ಹೇಳಲಿ? ನಾಲ್ಕು ವರ್ಷದಿಂದ ಯಾರ ಹತ್ತಿರವೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಆ ತಂತಿಯಲ್ಲಿ ನಾನು ಮೊದಲು ಬರೆದದ್ದು ‘ಗಾಡಿ ಏರಿತು’ ಅಂತ. ಆಮೇಲೆ ಯೋಚಿಸಿದೆ. ಗಾಡಿ ಏರಿತು ಅಂದರೆ ಮದ್ರಾಸಿನಲ್ಲಿ ಯಾರು ಕುರ್ಚಿಯಿಂದ ಏಳುತ್ತಾರೆ? ಅದನ್ನು ಹೊಡೆದುಹಾಕಿ ‘ಹತ್ತಿಕೊಂಡಿತು’ ಅಂತ ಬರೆದೆ. ಪೋಸ್ಟ್‌ಮಾಸ್ಟರ್ ಚಂದ್ರಯ್ಯ ಓದಿ, ‘ಅಮಾ, ಇದು ಬೆಂಕಿ ಅಂತ್ಲೂ ಆಗ್ತದಲ್ರಾ’ ಅಂದರು. ನಿನ್ನಪ್ಪನ ಬಾಯಿಂದ ಬಂದ ಮಾತೇ ಅದು, ಹಾಗೇ ಹೊಡೆಯಿರಿ ಅಂದೆ. ಪಾಪದ ಆ ಗುಮಾಸ್ತನದು ಏನೂ ತಪ್ಪಿಲ್ಲ. ಇನ್ನು ನಿನಗೆ ಬುದ್ಧಿ ಹೇಳಲು ನನಗೆಲ್ಲಿದೆ ಬಾಯಿ? ನೀನು ನನ್ನ ಮಗಳೇ ಸರಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯುಗಾದಿಗೆ ರಜೆ ಹಾಕಿ ಬಾ.

ತಾಮ್ರದ ಚೊಂಬಿನ ಒಡತಿ,
ನಿನ್ನ ಅಮ್ಮ
ಯಮುನಮ್ಮ

ಮರೆತಿದ್ದೆ: ಮರೆತದ್ದಲ್ಲ, ನಿನ್ನನ್ನು ಸ್ವಲ್ಪ ಸತಾಯಿಸೋಣ ಅಂತ ಕೊನೆಗೆ ಇಟ್ಟುಕೊಂಡೆ. ಸಭೆ ಮುಗಿದ ಮೇಲೆ ಸಾಹೇಬರು ಆ ಭಾಷಣದ ಹಾಳೆಯನ್ನು ನಿನ್ನಪ್ಪನಿಗೇ ಕೊಟ್ಟುಹೋದರು. ನಿನ್ನ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮುಕುಂದಯ್ಯನವರ ಹತ್ತಿರ ಓದಿಸಿದೆ: ‘ಇಲ್ಲಿ ನಿಧಾನ. ಇದೇ ಮುಖ್ಯ ಸಾಲು. ಹೆಸರು ತಪ್ಪಬಾರದು.’ ಶುಕ್ರವಾರವೇ ಅವರು ಮುಕುಂದಯ್ಯನವರನ್ನು ಕೂರಿಸಿಕೊಂಡು ಪ್ರತಿ ಸಾಲಿನ ಅರ್ಥ ಕೇಳಿದ್ದರಂತೆ. ಈ ಸಾಲು ಬಂದಾಗ ಪೆನ್ಸಿಲ್ಲು ತೆಗೆದು ಪಕ್ಕದಲ್ಲಿ ಅದನ್ನು ಬರೆದು, ಟ್ಯಾಂಕಿನ ಮೇಲೆ ಹಾಕಲು ನಾನು ಬರೆದುಕಳಿಸಿದ ಹೆಸರನ್ನು ಇಂಗ್ಲೆಂಡಿನವರು ಹೊಡೆದುಹಾಕಿದಾಗ ನಾನೂ ಬಿಟ್ಟುಕೊಟ್ಟಿದ್ದೆ, ಪುಸ್ತಕದ ಆ ಪುಟವನ್ನು ಮತ್ತೆ ಅಚ್ಚು ಹಾಕಿಸಬೇಕು ಅಂದರಂತೆ. ಆ ಹೊಸ ಪುಟವನ್ನು ನೀನೇ ಟೈಪು ಮಾಡಬೇಕಂತೆ. ರಾಜೀನಾಮೆ ಹರಿದು ಹಾಕು.