ಬೆಡ್‌ಶೀಟಿನ ಆ ತುದಿಯಲ್ಲಿ ನಿಮ್ಮ ತಂಗಿ

ಮನೆಯಿಂದ,
ಭಾನುವಾರ ಸಂಜೆ

ಪ್ರೀತಿಯ ನಮ್ಮ ಮನೆಯವರಿಗೆ,

ಕ್ರೇನಿನ ಮೇಲೆ ಕೂತು ಕೂತು ಹಿಡಿದುಕೊಂಡಿದ್ದ ಬೆನ್ನು ಈಗ ಹೇಗಿದೆ? ಬಂದರಿನ ಗಾಳಿಗೆ ಕಿವಿ ಮುಚ್ಚಿಕೊಳ್ಳುತ್ತೀರಿ ತಾನೇ? ನಾವೆಲ್ಲ ಕ್ಷೇಮ. ನಾವು ದುಡಿಯುವ ಲಾಂಡ್ರಿಯ ಸುದ್ದಿ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ, ಅದಕ್ಕೇ ನೇರ ಅಲ್ಲಿಗೇ ಬರುತ್ತೇನೆ.

ಹೊಸ ಕಾನೂನು ಬಂದಿದೆ. ಇನ್ನು ಕಾರ್ಮಿಕ ಸಂಘದ ಚಂದಾ ತಾನಾಗಿಯೇ ಸಂಬಳದಲ್ಲಿ ಕಡಿತವಾಗುವಂತಿಲ್ಲ. ಸೇರುವವರು ತಾವೇ ಒಪ್ಪಿ ಸಹಿ ಹಾಕಬೇಕು, ಬೇಡವೆಂದವರನ್ನು ಬಲವಂತ ಮಾಡುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕಿದರಷ್ಟೇ ಮಾಲೀಕರು ನಮ್ಮ ಜೊತೆ ಮಾತಿಗೆ ಕೂರುತ್ತಾರೆ. ಇಲ್ಲದಿದ್ದರೆ ಇಸ್ತ್ರಿ ಕೋಣೆಯ ಹಬೆ ಹೊರಹಾಕುವ ಫ್ಯಾನಿನ ಆಸೆ ಬಿಟ್ಟ ಹಾಗೆಯೇ. ನಾಳೆಯೇ ಕೊನೆಯ ದಿನ. ಮೇಜಿನಿಂದ ಮೇಜಿಗೆ ಓಡಾಡಿ, ಒಬ್ಬೊಬ್ಬರನ್ನೂ ಕೇಳಿ ನನ್ನ ಗಂಟಲು ಕಟ್ಟಿದೆ. ಬರಲಾರರು ಅಂದುಕೊಂಡವರೆಲ್ಲ ಬಂದರು, ಏನು ಹೇಳಲಿ ನನ್ನ ಸಂತೋಷ. ಇನ್ನೊಂದೇ ಒಂದು ಸಹಿ ಬೇಕು. ಅದನ್ನು ಹಾಕದೆ ಕೂತವಳು ಯಾರು ಗೊತ್ತೇ? ನಿಮ್ಮ ಮುದ್ದಿನ ತಂಗಿ.

ಬೆಡ್‌ಶೀಟ್ ಮಡಚಲು ಇಬ್ಬರು ಬೇಕು, ಅವಳು ಆ ತುದಿ, ನಾನು ಈ ತುದಿ. "ಸುಮ್ನೆ ಸೇರ್ಕೋ" ಅಂದಿದ್ದೆ. ಅಂದಿನಿಂದ ಮಾತಿಲ್ಲ, ಬರೀ ಮಡಚುವುದು. ನಿಮ್ಮ ಮನೆಯವರು ಹಿಡಿದ ಮೊಲಕ್ಕೆ ಮೂರೇ ಕಾಲು.

ನಿನ್ನೆ ಸೂಪರ್‌ವೈಸರ್ ಬಂದು, ಸಹಿ ಹಾಕದವರೆಲ್ಲ ಕಿಟಕಿ ಪಕ್ಕದ ತಂಪು ಮೇಜಿಗೆ ಬನ್ನಿ ಎಂದು ಕರೆದ. ಸಂಘವೇ ಬೇಡವೆಂದಿದ್ದ ಕೆಲವರು ಹೊರಟೇಬಿಟ್ಟರು. ಇವಳು ಕದಲಲಿಲ್ಲ. "ಸೇರೋದು ಬಿಡೋದು ನನ್ನಿಷ್ಟ ಅಂತ ಕಾನೂನೇ ಹೇಳಿದೆ. ಅದಕ್ಕೆ ಬಹುಮಾನ ಕೊಡೋಕೆ ನೀವ್ಯಾರು? ಅತ್ತಿಗೆ, ಆ ತುದಿ ಹಿಡೀರಿ" ಅಂದಳು. ಅವನು ಇಂಗು ತಿಂದ ಮಂಗನಂತಾದ. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೂ ಸಹಿ ಮಾತ್ರ ಹಾಕಲಿಲ್ಲ, ಮಹರಾಯಿತಿ.

ಮಕ್ಕಳು ದಿನವೂ ನಿಮ್ಮನ್ನು ಕೇಳುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ. ನಾಳೆ ನಮಗೆ ಒಳ್ಳೆಯದಾಗಲೆಂದು ಅಲ್ಲಿಂದಲೇ ಹಾರೈಸಿ.

ಇಂತಿ ನಿಮ್ಮ,
ಗಂಟಲು ಕಟ್ಟಿದವಳು

ತಾ.ಕ.: ನಿಮ್ಮ ತಂಗಿ ಈಗಷ್ಟೇ ಬಂದು ಎದುರು ಕೂತಳು. ಯಾಕಮ್ಮಾ ಇಷ್ಟು ಹಠ ಎಂದೆ. "ಇಷ್ಟು ವರ್ಷ ಒಂದು ಮಾತೂ ಕೇಳದೆ ಸಂಬಳದಲ್ಲಿ ಚಂದಾ ಹಿಡ್ಕೊಂಡ್ರು. ಈಗ ನೀವು ಊರವರನ್ನೆಲ್ಲ ಕೇಳಿದ್ರಿ, ಮನೆಯವಳು ಅಂತ ನಂಗೆ ಮಾತ್ರ ಹುಕುಂ ಮಾಡಿದ್ರಿ" ಅಂದಳು. ಎದ್ದು ನಿಂತು, "ನಮ್ಮ ಸಂಘಕ್ಕೆ ಸೇರ್ತೀಯೇನಮ್ಮಾ?" ಎಂದು ಕೇಳಿದೆ. ಈ ಕೊನೆಯ ಸಾಲು ಪೆನ್ಸಿಲಿನಲ್ಲಿದೆ, ಬೇಸರಿಸಬೇಡಿ. ಪೆನ್ನು ಅವಳ ಕೈಯಲ್ಲಿದೆ.